ಪೆನ್‌ಡ್ರೈವ್ ಕಳ್ಳನ ಸನ್ಮಾನ

ನಡುವಿನ ಕುರ್ಚಿಯನ್ನು ತುಂಬಿ ಕುಳಿತಿರುವ ಅಧ್ಯಕ್ಷರಾದ ಮಾನ್ಯ ಮ್ಯಾನೇಜರ್ ಸಾಹೇಬರೇ, ಬೇಗ ಮುಗಿಯುತ್ತದೆಂಬ ಭರವಸೆಯ ಮೇಲೆ ಬಂದಿರುವ ಅತಿಥಿಗಳೇ, ನಮ್ಮ ಮುದ್ರಣಾಲಯದ ಹಿರಿಯರೇ, ಊಟದ ಬಾಗಿಲ ಕಡೆ ಒಂದು ಕಣ್ಣಿಟ್ಟಿರುವ ಸಭಿಕರೇ,

ವೈರಸ್ ನುಂಗಿದ ಕಡತಗಳನ್ನು ನಾನು "ಅಪಾರ ತಾಂತ್ರಿಕ ಪಾಂಡಿತ್ಯದಿಂದ" ಮರಳಿ ತಂದೆನೆಂದು ಈ ಫಲಕದ ಮೇಲೆ ಕೆತ್ತಿಸಿದ್ದೀರಿ. ಅಕ್ಷರ ಮುದ್ದಾಗಿದೆ. ಒಂದು ಕಾಗುಣಿತವೂ ತಪ್ಪಿಲ್ಲ. ವಿಷಯ ಮಾತ್ರ ಸುಳ್ಳು. ನಾನು ಮಾಡಿದ್ದು ಪಾಂಡಿತ್ಯವಲ್ಲ, ಕಳ್ಳತನ. ಗಾಬರಿಯಾಗಬೇಡಿ, ಮೊದಲಿನಿಂದ ಹೇಳುತ್ತೇನೆ.

ಇಲ್ಲಿನ ಕಂಪ್ಯೂಟರುಗಳ ಯೋಗಕ್ಷೇಮ ನೋಡಲು ನಾನು ಸೇರಿ ಎರಡು ವರ್ಷವಾಯಿತು. ಈ ಅವಧಿಯ ನನ್ನ ಸೇವೆ ತಮಗೆ ತಿಳಿದೇ ಇದೆ. ಬೈಂಡಿಂಗ್ ಮೇಸ್ತ್ರಿಗಳ ಪರದೆಯನ್ನು ತಲೆಕೆಳಗು ಮಾಡಿದವನು ನಾನು. ಅವರು ಅರ್ಧ ದಿನ ಕತ್ತು ಓರೆ ಮಾಡಿಕೊಂಡೇ ದುಡಿದು, ಸಂಜೆ ಕಣ್ಣಿನ ಡಾಕ್ಟರ ವಿಳಾಸ ಕೇಳಿದರು. "ಕಂಪ್ಯೂಟರಿಗೆ ನೆಗಡಿಯಾಗಿದೆ, ಮುಟ್ಟಬೇಡಿ" ಎಂಬ ಕೆಂಪು ಪರದೆಯನ್ನು ಮೇಜು ಮೇಜಿಗೂ ಹಂಚಿದವನೂ ನಾನೇ.

ಅದರಿಂದ ಏನಾಯಿತು? ಮ್ಯಾನೇಜರ್ ಸಾಹೇಬರು, ತಾವು ತರಿಸದೇ ಇದ್ದ ಪಾರ್ಸೆಲ್ ಒಂದರ ಬಗ್ಗೆ ಬಂದ ಇ-ಮೇಲ್ ತೆರೆದದ್ದರಿಂದ ನಿಜವಾದ ಕೆಂಪು ಪರದೆ ಬಂದ ದಿನ, ವೈರಸ್ ಹರಡುವುದನ್ನು ತಡೆಯಲು ಯಾರೂ ನೆಟ್‌ವರ್ಕ್ ಕೇಬಲ್ ಕೀಳಲಿಲ್ಲ. ಎಲ್ಲರೂ ನನ್ನ ಮೇಜಿಗೆ ಬಂದು, ಸಾಕು ತೆಗಿಯೋ ಎಂದು ನಕ್ಕರು. ನಾನಲ್ಲ ಎಂದು ಅವರನ್ನು ನಂಬಿಸುವಷ್ಟರಲ್ಲಿ ಹನ್ನೊಂದು ಕಂಪ್ಯೂಟರಿನ ಕಡತಗಳಿಗೆ ಬೀಗ ಬಿದ್ದಿತ್ತು. ಪ್ರತಿಗಳನ್ನಿಡುವ ಡಿಸ್ಕ್ ಇತ್ತಲ್ಲ ಎನ್ನುತ್ತೀರಿ. ಇತ್ತು. ಪ್ರತಿ ತೆಗೆದಾದ ಮೇಲೆ ಅದನ್ನು ಬಿಚ್ಚಿ ಬೇರೆ ಕಡೆ ಇಡಬೇಕು. ಬಿಚ್ಚಬೇಕಾದವನು ಯಾರು? ನಾನು. ಬಿಚ್ಚದೇ ಇದ್ದವನು ಯಾರು? ಅವನಿಗೂ ಇದೇ ಮುಖ. ಅದಕ್ಕೂ ಬೀಗ ಬಿತ್ತು.

ಎಲ್ಲವನ್ನೂ ಅಳಿಸಿ ಹೊಸದಾಗಿ ಹಾಕಿದೆ. ಪುಸ್ತಕಗಳ ಕಡತಗಳನ್ನು ಬರೆದವರಿಂದಲೇ ಮತ್ತೆ ತರಿಸಿದೆವು. ತರಿಸಲು ಎಲ್ಲೂ ಇಲ್ಲದಿದ್ದದ್ದು ಒಂದೇ: ಪ್ರೂಫ್ ನೋಡುವ ಅಕ್ಕ ಮನೆಯಿಂದ ತಂದು ಇಲ್ಲಿನ ನೆಟ್‌ವರ್ಕಿಗೆ ಸಿಕ್ಕಿಸುತ್ತಿದ್ದ ಸ್ವಂತ ಲ್ಯಾಪ್‌ಟಾಪಿನ ಒಂದು ಫೋಲ್ಡರ್.

ದಿನವಿಡೀ ಊರವರ ತಪ್ಪು ತಿದ್ದುವ ಅಕ್ಕನಿಗೆ ಒಬ್ಬ ತಮ್ಮ. ಲಕ್ವ ಹೊಡೆದು ಅವರ ಮಾತು ನಿಂತಿತ್ತು. ದಿನಕ್ಕೊಂದು ಪದ ಹೇಳಿಸಿ, ಅಕ್ಕ ಅದನ್ನು ಧ್ವನಿಮುದ್ರಿಸಿ ಇಡುತ್ತಿದ್ದರು. ನನ್ನಿಂದಾಗದು ಎಂದು ತಮ್ಮ ಗೋಡೆಗೆ ಮುಖ ಮಾಡಿ ಮಲಗಿದ ದಿನ ಮೊದಲನೆಯದನ್ನು ಹಾಕಿ ಕೇಳಿಸುತ್ತಿದ್ದರು: ನೋಡು, ಇಲ್ಲಿಂದ ಬಂದಿದೀಯ.

ಇದು ನನಗೆ ಹೇಗೆ ಗೊತ್ತು? ವೈರಸ್ ಬರುವ ಎರಡು ವಾರ ಮೊದಲು, ಫ್ಯಾನ್ ಸದ್ದು ಮಾಡುತ್ತದೆಂದು ಅಕ್ಕ ಆ ಲ್ಯಾಪ್‌ಟಾಪನ್ನು ನಂಬಿ ನನ್ನ ಕೈಗೆ ಕೊಟ್ಟಿದ್ದರು. "ಅಭ್ಯಾಸ" ಎಂಬ ಫೋಲ್ಡರಿನಲ್ಲಿ ಇನ್ನೂರ ಮೂರು ಧ್ವನಿ ಕಡತ. ಅಕ್ಕ ಗುಟ್ಟಾಗಿ ಹಾಡು ಕಲಿಯುತ್ತಿದ್ದಾರೆ, ವಾರ್ಷಿಕೋತ್ಸವದಲ್ಲಿ ಇದೇ ಸ್ಪೀಕರಿನಲ್ಲಿ ಹಾಕೋಣವೆಂದು ಪೆನ್‌ಡ್ರೈವಿಗೆ ಇಳಿಸಿಕೊಂಡೆ. ಮನೆಯಲ್ಲಿ ಕೇಳಿದರೆ, ಒಬ್ಬ ಗಂಡಸು "ನೀರು" ಅನ್ನಲು ಹತ್ತೊಂಬತ್ತು ಸೆಕೆಂಡು ಹೆಣಗುತ್ತಿದ್ದಾರೆ. "ನೀ" ಆದ ಮೇಲೆ ಬರೀ ಉಸಿರು. ಮೂರು ಕೇಳಿದೆ. ನಾಲ್ಕನೆಯದಕ್ಕೆ ಧೈರ್ಯ ಸಾಲಲಿಲ್ಲ. ಪೆನ್‌ಡ್ರೈವನ್ನು ಕಾಲುಚೀಲಗಳ ಕೆಳಗೆ ಹುಗಿದಿಟ್ಟೆ.

ವೈರಸ್ ಬಂದ ಮೇಲೂ ನಾಲ್ಕು ದಿನ ಬಾಯಿ ಬಿಡಲಿಲ್ಲ. ಕೊಡಬೇಕಾದರೆ ಕದ್ದದ್ದು ಹೇಳಬೇಕಲ್ಲ? ಐದನೆಯ ದಿನ ಕ್ಯಾಂಟೀನಿನಲ್ಲಿ ಅಕ್ಕ ಮೇಸ್ತ್ರಿಗಳ ಹತ್ತಿರ ಹೇಳಿಕೊಳ್ಳುತ್ತಿದ್ದರು. ಮತ್ತೆ ಮೊದಲಿಂದ ಧ್ವನಿಮುದ್ರಿಸೋಣ ಎಂದು ಅಕ್ಕ ತಮ್ಮನಿಗೆ ಹೇಳಿದರಂತೆ. ತಮ್ಮ "ನೀರು" ಎಂದು ನೆಟ್ಟಗೆ ಹೇಳಿಬಿಟ್ಟರಂತೆ.

"ಮುಂಚೆ ತೊದಲಿದ ಹಾಗೇ ತೊದಲು ಅಂತ ಹೇಗೆ ಕೇಳ್ಲಿ, ಮೇಸ್ತ್ರಿ? ಎಲ್ಲಿಂದ ಬಂದೆ ಅನ್ನೋದೇ ಅವನಿಗೆ ಕಾಣ್ತಿಲ್ಲ. ಅಭ್ಯಾಸಾನೇ ಬಿಟ್ಟಿದಾನೆ."

ಹೊಟ್ಟೆನೋವೆಂದು ರಜೆ ಬರೆದು ಮನೆಗೆ ಓಡಿದೆ. ಅದೂ ಸುಳ್ಳು, ಸಾಹೇಬರು ಮನ್ನಿಸಬೇಕು.

ಪೆನ್‌ಡ್ರೈವ್ ತಂದು ಅಕ್ಕನ ಕೈಗಿಟ್ಟು, ಕದ್ದದ್ದನ್ನು ಹೇಳಿದೆ. ಅಕ್ಕ ಮೊದಲನೆಯದನ್ನು ಹತ್ತೊಂಬತ್ತು ಸೆಕೆಂಡೂ ಕೇಳಿದರು. ಕನ್ನಡಕ ತೆಗೆದು ಒರೆಸಿ, ಮತ್ತೆ ಹಾಕಿಕೊಂಡರು.

"ಎಷ್ಟು ಕೇಳಿದೀಯ?"

"ಮೂರು, ಅಕ್ಕ."

"ಬಾಕಿದೂ ಕೇಳು. ಕದ್ದ ಮೇಲೆ ಅರ್ಧಕ್ಕೆ ಬಿಡ್ತಾರಾ?"

ಕದ್ದ ನಂತರ ಧ್ವನಿಮುದ್ರಿಸಿದ ಹನ್ನೆರಡು ಮಾತ್ರ ಹೋದವು. ಅವನ್ನು ಮತ್ತೆ ಹೇಳಿಸಬಹುದು ಎಂದರು. ನನ್ನ ಪ್ರತಿ ಅಳಿಸಿಬಿಡುತ್ತೇನೆ ಅಂದೆ. "ಬೇಡ. ಒಂದು ಪ್ರತಿ ಬೇರೆ ಮನೇಲಿರ್ಬೇಕು ಅಂತ ನಮಗೆಲ್ಲ ಪಾಠ ಹೇಳಿದ್ದು ನೀನೇ ಅಲ್ವಾ? ನಿನ್ನ ಹತ್ರಾನೇ ಇರ್ಲಿ."

ಅಕ್ಕ ಯಾರಿಗೂ ಬಾಯಿ ಬಿಡಲಿಲ್ಲ, ನೀವು ಪಾಂಡಿತ್ಯ ಎಂದುಕೊಂಡಿರಿ. ಇವತ್ತು ಹೇಳಿಬಿಡಲೇ ಎಂದು ಕೇಳಿ, ಅವರ ಒಪ್ಪಿಗೆ ಪಡೆದೇ ವೇದಿಕೆ ಹತ್ತಿದ್ದೇನೆ. ಫಲಕವನ್ನು ಇಲ್ಲೇ ಬಿಟ್ಟು ಹೋಗುತ್ತೇನೆ. ಹಿಂಬದಿ ಖಾಲಿ ಇದೆ, ಮುಂದಿನ ವರ್ಷಕ್ಕಾಗುತ್ತದೆ. ನಿಮ್ಮ ಮನೆಯಲ್ಲೂ ಅಂಥ ಫೋಲ್ಡರೊಂದು ಇರಬಹುದು. ಪ್ರತಿ ಮಾಡಿ, ಬಿಚ್ಚಿ, ಬೇರೆ ಕಡೆ ಇಡಿ, ಕಳ್ಳನನ್ನು ನೆಚ್ಚಿ ಕೂರಬೇಡಿ. ಕೆಂಪು ಪರದೆ ಬಂದರೆ ಮೊದಲು ಕೇಬಲ್ ಕೀಳಿ, ಆಮೇಲೆ ನನ್ನನ್ನು ಬೈಯಿರಿ.

ಅಕ್ಕನ ತಮ್ಮ ಮೂರನೆಯ ಸಾಲಿನಲ್ಲಿ ಕುಳಿತಿದ್ದಾರೆ. ಅಕ್ಕ ಮನೆಯಲ್ಲಿ ಅವರಿಗೆ ಎಲ್ಲವನ್ನೂ ಹೇಳಿದ್ದಾರೆ. ಸಭೆಗೆ ಮುಂಚೆ, ಒಳಗೆ ಬರುವಾಗ ಬಾಗಿಲಲ್ಲಿ ನನ್ನ ಭುಜ ಹಿಡಿದು, ಉಸಿರೆಳೆದುಕೊಂಡು, ಹೊಸ ಪದವೊಂದನ್ನು ಎಲ್ಲೂ ಜಾರದೆ ಹೇಳಿದರು: "ಕಳ್ಳ."

ಅಕ್ಕನ ಫೋನಿನಲ್ಲಿ ಧ್ವನಿಮುದ್ರಣ ಚಾಲೂ ಇತ್ತು. ಅದರ ಒಂದು ಪ್ರತಿ ನನ್ನ ಜೇಬಿನಲ್ಲಿದೆ. ಇದನ್ನು ಮಾತ್ರ ಕೇಳಿಯೇ ಪಡೆದಿದ್ದೇನೆ. ಇಷ್ಟು ಹೊತ್ತು ಎದ್ದು ಹೋಗದೆ ಕುಳಿತ ತಮಗೆಲ್ಲ ಋಣಿ. ನಮಸ್ಕಾರ.