ಗೋಲು ಲೆಕ್ಕವಿಲ್ಲದ ಆಟ

ಕೆನಡಾದ ಸಸ್ಕಾಚೆವಾನ್ ಪ್ರಾಂತ್ಯದ ಒಂದು ಪುಟ್ಟ ಊರಿನಲ್ಲಿ ಐದು ವರ್ಷದ ಮಕ್ಕಳ ಐಸ್ ಹಾಕಿ ಆಟ ಆಗಷ್ಟೇ ಮುಗಿದಿತ್ತು. ಕ್ಯಾಂಟೀನಿನ ಸಾಲಿನಲ್ಲಿ, ಆಟ ನೋಡಲು ಬಂದಿದ್ದ ಮ್ಯೂರಿಯಲ್‌ಳ ಮುಂದೆ ಇಬ್ಬರು ಅಪ್ಪಂದಿರು ನಿಂತಿದ್ದರು, ಡಾರ್ಸಿ ಮತ್ತು ಲೈಲ್.

“ಹನ್ನೊಂದು–ಎರಡು. ಸೋತ್ವಿ,” ಎಂದ ಡಾರ್ಸಿ.

“ಈ ವಯಸ್ಸಿಗೆ ಗೋಲು ಲೆಕ್ಕ ಇಡಲ್ವಲ್ಲೋ?” ಎಂದ ಲೈಲ್.

“ಕೋಚ್‌ಗಳು ಇಡಲ್ಲ, ನಾನು ಇಡ್ತೀನಿ. ಕೈಗೆ ಬಂದ ತುತ್ತು ಬಾಯಿಗೆ ಬರ್ಲಿಲ್ಲ. ನನ್ಮಗ ಹೊಡೀಬೇಕಾದ ಗೋಲು ಬಿಟ್ಟು, ಬಿದ್ದವಳನ್ನ ಎತ್ತೋಕೆ ನಿಂತ!”

“ಯಾವ ಹುಡುಗಿ?”

“ಹೆಲ್ಮೆಟ್ ಒಳಗೆ ಮುಖ ಯಾರಿಗೆ ಕಾಣುತ್ತೆ? ಹಸಿರು ಕೈಗವಸಿನವಳು.”

“ಅವಳು ನನ್ನ ಮಗಳು.”

ಡಾರ್ಸಿ ತಲೆ ತಗ್ಗಿಸಿ ಜೇಬಿನಲ್ಲಿ ಚಿಲ್ಲರೆ ಹುಡುಕಿದ. ನಾಚಿದನೇನೋ ಎಂದುಕೊಂಡಳು ಮ್ಯೂರಿಯಲ್. ಎಲ್ಲಿಯ ನಾಚಿಕೆ, ಥೂ!

“ಹಾಗಾದ್ರೆ ಅವಳಿಗೆ ಮೊದ್ಲು ನೆಟ್ಟಗೆ ನಿಲ್ಲೋದು ಕಲಿಸು, ಮಾರಾಯ.”

ಡಾರ್ಸಿ ಒಂದು ಲೋಟ ಬಿಸಿ ಚಾಕೊಲೇಟು ಕೊಂಡ. ಓಡಿಬಂದ ಮಗ ಕೈಚಾಚಿದ.

“ಇದು ಗೋಲು ಹೊಡೆದವ್ರಿಗೆ,” ಎಂದು ಅಪ್ಪ ತಾನೇ ಹೀರುತ್ತ ಬಾಗಿಲು ದಾಟಿದ.