ಏಟು ತಿಂದ ಟೊಪ್ಪಿಗೆ

ಕೂತಿರಾ ಎಲ್ಲರೂ? ಹಿಂದಿನವರು ಮುಂದೆ ಬನ್ನಿ, ಮುಂದಿನವರು ಬಾಯಿ ಮುಚ್ಚಿ. ಒಂದಾನೊಂದು ಸೀಮೆ. ಹೆಸರು ಕೇಳಬೇಡಿ, ಹೇಳಿದರೆ ಅಲ್ಲಿನವರು ಜಗಳಕ್ಕೆ ಬರುತ್ತಾರೆ.

ಆ ಸೀಮೆಯ ಕಾಲಾಳುಗಳಿಗೆಲ್ಲ ಕಬ್ಬಿಣದ ಟೊಪ್ಪಿಗೆ. ಮಾಡುತ್ತಿದ್ದವನು ಕಮ್ಮಾರ ಮೌನಪ್ಪ. ಅವನದೊಂದು ಪದ್ಧತಿ, ಕೇಳಿ. ಟೊಪ್ಪಿಗೆ ತಯಾರಾದ ಮೇಲೆ ದಿಮ್ಮಿಯ ಮೇಲಿಟ್ಟು ಕೊಡಲಿಯಿಂದ ಒಂದು ಬಿಡುತ್ತಿದ್ದ. ಸೀಳಿದರೆ ವಾಪಸು ಕುಲುಮೆಗೆ. ಬರೀ ತಗ್ಗು ಬಿದ್ದರೆ ಕಾಲಾಳಿನ ತಲೆಗೆ. ಹಾಗಾಗಿ ತಗ್ಗಿಲ್ಲದ ಟೊಪ್ಪಿಗೆಯನ್ನು ಯಾರೂ ಮುಟ್ಟುತ್ತಿರಲಿಲ್ಲ.

ಮೌನಪ್ಪ ಸತ್ತ. ಆ ಕೆಲಸ ಯಾರಿಗೆ ಹೋಯಿತು? ದಳವಾಯಿಯ ಹೆಂಡತಿಯ ತಮ್ಮನಿಗೆ. ಇನ್ಯಾರಿಗೆ ಹೋಗುತ್ತದೆ ಹೇಳಿ!

ಯುದ್ಧ ಬಂತು. ಕೆಂಚಪ್ಪ ಅನ್ನೋ ಕಾಲಾಳು ಹೊಸ ಟೊಪ್ಪಿಗೆ ತಂದು ಹೆಂಡತಿ ದ್ಯಾಮವ್ವನಿಗೆ ತೋರಿಸಿದ.

"ನೋಡೇ, ತಗ್ಗು ಐತೆ!"

ದ್ಯಾಮವ್ವ ತಿರುಗಿಸಿ ನೋಡಿದಳು. ಪಕ್ಕದ ಮನೆಯವನದ್ದು ನೋಡಿದಳು. ಎದುರು ಮನೆಯವನದ್ದೂ ನೋಡಿದಳು. ಎಲ್ಲದಕ್ಕೂ ತಗ್ಗು ಒಂದೇ ಜಾಗದಲ್ಲಿ, ಒಂದೇ ಅಳತೆ, ಗುಂಡಗೆ, ಪಡ್ಡಿನ ಹಂಚಿನ ಗುಳಿ ಇದ್ದಂಗೆ.

"ಕೊಡಲಿ ಏಟು ಹಿಂಗೆ ಬೀಳುತ್ತೇನ್ರೀ? ಇದು ಏಟಲ್ಲ, ಅಚ್ಚು."

"ನಿನಗೆ ಎಲ್ಲದರ ಮೇಲೂ ಅನುಮಾನ. ನನ್ನ ಮೇಲೂ."

"ನಿಮ್ಮ ಮೇಲಿಂದು ಆಮೇಲೆ ನೋಡೋಣ. ಮೊದಲು ತಲೆ ಉಳೀಲಿ."

ಟೊಪ್ಪಿಗೆ ಒಂದು ಕೈಲಿ, ಒನಕೆ ಒಂದು ಕೈಲಿ, ನೇರ ಅರಮನೆ ಅಂಗಳಕ್ಕೆ ನಡೆದಳು. ಅರಸ ಜಗಲಿಯ ಮೇಲೆ ಕೂತಿದ್ದ, ಪಕ್ಕದಲ್ಲಿ ದಳವಾಯಿ.

"ದಳವಾಯಿಗಳೇ, ಟೊಪ್ಪಿಗೆ ಗಟ್ಟೀನಾ?"

"ಗಟ್ಟಿ."

"ಹಂಗಾರೆ ಹಾಕ್ಕೊಳ್ಳಿ. ಒಂದೇಟು ಹಾಕ್ತೀನಿ."

"ಈಗಷ್ಟೇ ತಲೆಗೆ ಎಣ್ಣೆ ಹಚ್ಚಿದ್ದೀನಿ."

"ಒರೆಸ್ತೀನಿ."

"ನನ್ನ ತಲೆ ದೊಡ್ಡದು."

"ಒತ್ತಿ ಕೂರಿಸ್ತೀನಿ."

"ಇವತ್ತು ಅಮಾವಾಸ್ಯೆ!"

"ಅದು ಶತ್ರುವಿಗೆ ಗೊತ್ತಾ, ಧಣಿ?"

ದಳವಾಯಿಯ ಹಿಂದೆ ನಿಂತಿದ್ದ ಬಾಮೈದ ಮೆಲ್ಲಗೆ ಬಾಗಿಲ ಕಡೆ ಜಾರತೊಡಗಿದ. ನೋಡಿದಿರಾ? ದ್ಯಾಮವ್ವನೂ ನೋಡಿದಳು. ಅರಸನೂ ನೋಡಿದ.

ಅಡುಗೆಮನೆಯಿಂದ ಒಂದು ಕುಂಬಳಕಾಯಿ ತರಿಸಿ, ಅದಕ್ಕೆ ಟೊಪ್ಪಿಗೆ ತೊಡಿಸಿ, ದ್ಯಾಮವ್ವ ಒನಕೆ ಎತ್ತಿದಳು. ಧಡ್! ಟೊಪ್ಪಿಗೆ ಹಪ್ಪಳ. ಕುಂಬಳಕಾಯಿ ಅಂಗಳದ ತುಂಬಾ.

ಅರಸ ಮುಖದ ಮೇಲೆ ಸಿಡಿದಿದ್ದ ತಿರುಳು ಒರೆಸಿಕೊಂಡ.

"ನಾಳೆ ಮೊದಲ ಸಾಲಲ್ಲಿ ಭಾವ-ಬಾಮೈದರೇ ನಿಲ್ಲಲಿ. ಇವೇ ಟೊಪ್ಪಿಗೆ ಹಾಕ್ಕೊಂಡು."

ಸಂಜೆಯೊಳಗೆ ದಳವಾಯಿ ಹಣ್ಣಿನ ಬುಟ್ಟಿ ಹೊತ್ತು ಶತ್ರುವಿನ ಬಿಡಾರಕ್ಕೆ ಓಡಿದ. ಕೈಕಾಲು ಹಿಡಿದು ರಾಜಿ ಮಾಡಿಕೊಂಡೇ ಬಂದ.

ಕೆಂಚಪ್ಪ ಇವತ್ತಿಗೂ ಕುಂಬಳಕಾಯಿ ಸಾರು ಬಡಿಸಿದರೆ ಮೊದಲು ತನ್ನ ತಲೆ ಮುಟ್ಟಿ ನೋಡಿಕೊಳ್ಳುತ್ತಾನಂತೆ.

ಯುದ್ಧ ಅವರ ಸೀಮೆಯಲ್ಲಿ ನಿಂತಿತು, ಕಥೆ ನಮ್ಮ ಜಗಲಿಯಲ್ಲಿ ನಿಂತಿತು. ಏಳಿ, ನಿಮ್ಮ ನಿಮ್ಮ ತಲೆ ಜೋಪಾನವಾಗಿ ಮನೆಗೆ ಒಯ್ಯಿರಿ.