ವ್ಯಾನಿನ ಹಿಂದೆ ಕಟ್ಟುವ ಸೀರೆ

ದೊಮ್ಮಲೂರು ಬಸ್‌ಸ್ಟಾಪಿನಲ್ಲಿ ಇವತ್ತು ನನ್ನ ಪಕ್ಕ ಇಬ್ಬರು ಹೆಂಗಸರು ನಿಂತಿದ್ದರು. ಚಿಕ್ಕವಳ ಮನೆಯವರು ನಾಳೆ ಮೆಟಡೋರ್ ವ್ಯಾನಿನಲ್ಲಿ ಹತ್ತು ದಿನದ ಯಾತ್ರೆ ಹೊರಡುವವರು. ಅಡುಗೆ, ನಿದ್ದೆ ಎಲ್ಲ ದಾರಿಯಲ್ಲೇ.

“ಅಕ್ಕಯಮ್ಮ, ವ್ಯಾನ್ ಹತ್ತಿದ್ರೆ ನಮ್ಮತ್ತೆ ನೀರೇ ಕುಡಿಯಲ್ಲ. ಬಯಲಿಗೆ ಹೋಗೋಕೆ ನಾಚಿಕೆ. ಹೋದ್ಸಲ ತಲೆಸುತ್ತಿ ಬಿದ್ದು ಆಸ್ಪತ್ರೆಗೆ ಸೇರಿಸ್ಬೇಕಾಯ್ತು.”

“ವ್ಯಾನಿನ ಹಿಂದಿನ ಎರಡು ಬಾಗ್ಲೂ ತೆಗೆದು, ಮಧ್ಯೆ ಹಳೇ ಸೀರೆ ಕಟ್ಟು. ಒಂದು ಬಕೆಟ್ ನೀರಿಡು. ಗಂಡಸ್ರನ್ನ ಟೀ ಕುಡಿಯೋಕೆ ಕಳ್ಸು.”

“ಅತ್ತೆಗೆ ಹೋಗಿ ಅಂದ್ರೆ ನನ್ನನ್ನೇ ಬೈತಾರೆ.”

“ಹೇಳ್ಬೇಡ ಕಣೇ. ಅವ್ರ ಎದುರಿಗೇ ಮೊದ್ಲು ನೀನು ಹೋಗಿ ಬಾ.”

“ನನಗೂ ನಾಚಿಕೆ ಆಗುತ್ತೆ.”

“ಹಂಗಾದ್ರೆ ಆಸ್ಪತ್ರೇಲಿ ಎರಡು ಮಂಚ ಹೇಳಿಟ್ಟಿರು.”

ಶಿವಾಜಿನಗರದ ಬಸ್ಸು ಬಂತು. ಚಿಕ್ಕವಳು ಹತ್ತುತ್ತಾ ಹಿಂದೆ ತಿರುಗಿ, “ಮೊದ್ಲು ನಾನೇ ಹೋಗ್ತೀನಿ ಬಿಡಿ. ನಿಮ್ದೊಂದು ದಪ್ಪ ಸೀರೆ ಕೊಡಿ,” ಎಂದಳು.